ಕಸ್ತೂರಿಯ ಬೆನ್ನಿನ ಮೇಲೆ ನಾಲ್ಕು ಊರು

ಸ್ಕೂಟರ್ ನಡೆಸುವಾಗ ನನಗೊಂದು ಕೆಟ್ಟ ಚಾಳಿ ಇದೆ. ಮುಂದೆ ಹಂಪು ಕಂಡರೆ ಎಲ್ಲರೂ ಬ್ರೇಕು ಹಿಡಿಯುತ್ತಾರೆ. ನಾನು ಮೊದಲು ಬೆನ್ನು ನೆಟ್ಟಗೆ ಮಾಡುತ್ತೇನೆ, ಭುಜ ಹಿಂದಕ್ಕೆ ಸರಿಸುತ್ತೇನೆ, ಉಸಿರನ್ನು ನಿಧಾನವಾಗಿ ಬಿಟ್ಟು ಸೀಟಿನ ಮೇಲೆ ಇನ್ನಷ್ಟು ಭಾರವಾಗಿ ಕೂರುತ್ತೇನೆ. ಸ್ಕೂಟರ್ ನಿಲ್ಲುವುದಿಲ್ಲ. ಹಂಪು ಮಾತ್ರ ಬಂದೇ ಬರುತ್ತದೆ. ಹಿಂದೆ ಕೂತ ನಮ್ಮ ಯಜಮಾನರು ಒಮ್ಮೆ ಮೇಲಕ್ಕೆ ಹೋಗಿ ಕೆಳಗೆ ಬರುತ್ತಾರೆ.

“ಬ್ರೇಕ್ ಹಿಡಿ ನಮ್ಮವ್ವಾ. ಇದು ಗಾಡಿ. ಇದಕ್ಕ ನಿನ್ನ ಬೆನ್ನಿನ ಮಾತು ತಿಳಿಯಂಗಿಲ್ಲ” ಎನ್ನುತ್ತಾರೆ.

ಅವರು ಹೇಳುವುದು ಖರೆ. ಆದರೆ ಬೆನ್ನಿನ ಮಾತು ತಿಳಿಯುವ ಪ್ರಾಣಿಯ ಮೇಲೆ ಮೂರು ವರ್ಷ ಕೂತವಳಿಗೆ ಈ ಯಂತ್ರಗಳ ಕಿವುಡು ಅಷ್ಟು ಬೇಗ ರೂಢಿಯಾಗುವುದಿಲ್ಲ. ನೀವು ನಗುವ ಮೊದಲೇ ಹೇಳಿಬಿಡುತ್ತೇನೆ. ನಾನು ಕುದುರೆ ಸವಾರಿ ಕಲಿತದ್ದು ಐವತ್ತನೆಯ ವರ್ಷದಲ್ಲಿ. ಕುದುರೆ ಎಂದರೆ ಮೆರವಣಿಗೆಯ ಎತ್ತರದ ಕುದುರೆಯಲ್ಲ, ತಟ್ಟು. ಮೊದಲು ಗದಗ ಸ್ಟೇಶನ್ನಿನಿಂದ ಬೆಟಗೇರಿಗೆ ಟಾಂಗಾ ಎಳೆದು, ಆಟೋರಿಕ್ಷಾಗಳು ಬಂದ ಮೇಲೆ ಕೆಲಸ ಕಳೆದುಕೊಂಡ ಹೆಣ್ಣು ತಟ್ಟು. ಹೆಸರು ಕಸ್ತೂರಿ. ಬಣ್ಣ ಬೆಲ್ಲದ್ದು, ಸ್ವಭಾವ ಮಾತ್ರ ಬೆಲ್ಲದ್ದಲ್ಲ.

ಟಾಂಗಾ ಎಂದ ಕೂಡಲೇ ನನಗೆ ಮೌಲಾಕಾಕಾ ನೆನಪಾಗುತ್ತಾನೆ. ನಾನು ಚಿಕ್ಕವಳಿದ್ದಾಗ ಬೆಟಗೇರಿಯ ನಮ್ಮ ಓಣಿಯಿಂದ ಗದಗಿನ ಶಾಲೆಗೆ ಎಂಟು ಮಕ್ಕಳನ್ನು ಕರೆದೊಯ್ಯುತ್ತಿದ್ದವನು ಅವನೇ. ಮುಂಜಾನೆ ಮನೆಮನೆಯಲ್ಲೂ ಮಗ್ಗದ ಸದ್ದು ಶುರುವಾಗುವ ಹೊತ್ತಿಗೆ ಓಣಿಯ ತಿರುವಿನಲ್ಲಿ ಗೊರಸಿನ ಸದ್ದೂ ಸೇರಿಕೊಳ್ಳುತ್ತಿತ್ತು. ಹಸಿ ಹುಲ್ಲಿನ ಕಟ್ಟು ನಮ್ಮ ಕಾಲ ಕೆಳಗೆ. ಸಂಜೆಯ ಹೊತ್ತಿಗೆ ಪಾಟಿಚೀಲಕ್ಕೂ ಅದೇ ವಾಸನೆ. ಟಾಂಗಾಕ್ಕೆ ಎರಡೇ ಗಾಲಿ ತಾನೆ? ಹಿಂದೆ ಭಾರ ಹೆಚ್ಚಾದರೆ ಕುದುರೆಯ ಹೊಟ್ಟೆಯ ಪಟ್ಟಿ ಮೇಲೆ ಜಗ್ಗುತ್ತದೆ, ಮುಂದೆ ಹೆಚ್ಚಾದರೆ ಬೆನ್ನಿಗೆ ಹೊರೆ. ಅದನ್ನು ಸರಿದೂಗಿಸಲು ಮೌಲಾಕಾಕಾನ ಬಳಿ ಇದ್ದ ತೂಕದ ಕಲ್ಲು ನಾನು. “ಏ ದಪ್ಪಿ, ನೀ ಮುಂದ ಬಾ” ಎನ್ನುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ, “ದಪ್ಪಿ, ನೀ ಹಿಂದ ಹೋಗು.” ಓಣಿಯ ಮಕ್ಕಳಿಗೆ ನಗು. ನನಗೆ ಮಾತ್ರ ಮುಂದೆ ಕೂರುವುದು ಎಷ್ಟು ಇಷ್ಟವೆಂದರೆ, ಹೆಚ್ಚು ಹೊತ್ತು ಮುಂದೆ ಕೂರಲು ಮನೆಯಲ್ಲಿ ಒಂದು ರೊಟ್ಟಿ ಜಾಸ್ತಿಯೇ ತಿನ್ನುತ್ತಿದ್ದೆ.

ಮುಂದೆ ಕೂತಾಗ ಕಾಣುತ್ತಿದ್ದದ್ದು ಕುದುರೆಯ ಎರಡು ಕಿವಿ. ಅವು ಸುಮ್ಮನೆ ಇರುತ್ತಿರಲಿಲ್ಲ. ಒಂದು ರಸ್ತೆಯ ಕಡೆಗೆ, ಇನ್ನೊಂದು ಮೌಲಾಕಾಕಾನ ಕಡೆಗೆ. ಇವರಿಬ್ಬರೂ ನಮಗೆ ಕೇಳಿಸದ ಏನನ್ನೋ ಮಾತಾಡಿಕೊಳ್ಳುತ್ತಿದ್ದಾರೆ ಎಂದು ನನಗೆ ಗುಮಾನಿ. ಒಮ್ಮೆ ಅವ್ವನ ಮುಂದೆ ಕುದುರೆ ಹತ್ತುವ ಆಸೆ ಹೇಳಿದೆ. ಅವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, “ಹತ್ತಸೋರು ಬೇಕಾದಷ್ಟ ಮಂದಿ ಸಿಗತಾರ. ಇಳಸೋರನ್ನ ಮೊದಲ ಹುಡುಕ್ಕೋ” ಎಂದಳು. ಆ ಮಾತಿನ ಹೆದರಿಕೆಗೆ ನಲವತ್ತು ವರ್ಷ ಸುಮ್ಮನಿದ್ದೆ.

ನಲವತ್ತು ವರ್ಷದ ನಂತರ ನನ್ನ ತಲೆ ಕೆಡಿಸಿದವರು ನಮ್ಮ ಪಕ್ಕದ ಮನೆಯ ಫಕ್ಕೀರಪ್ಪ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿಂತೇ ಕಳೆದು ನಿವೃತ್ತರಾದವರು. ಕಣಗಿನಹಾಳದ ದಾರಿಯಲ್ಲಿ ಒಬ್ಬರು ದೊಡ್ಡವರಿಗೆ ಕುದುರೆ ಸವಾರಿ ಕಲಿಸುತ್ತಾರೆ, ನಾನೂ ಸೇರಿದ್ದೇನೆ ಎಂದರು. “ಸಾಕಾಗೈತ್ರಿ ನಿಂತು. ಇನ್ನ ಕುಂತು ತಿರಗ್ಯಾಡತೀನಿ.” ಮರುದಿನವೇ ಅವರ ಬೆನ್ನು ಹತ್ತಿದೆ.

ಕಲಿಸುತ್ತಿದ್ದವರು ದ್ಯಾಮಣ್ಣ ಹವಾಲ್ದಾರರು. ರೈತರ ಮನೆಯವರು. ಸೈನ್ಯ ಸೇರಿ ಅಲ್ಲಿ ಕುದುರೆ ದಳದಲ್ಲಿ ವರ್ಷಗಟ್ಟಲೆ ಕುದುರೆ ತಿದ್ದಿ, ನಿವೃತ್ತರಾಗಿ ಬಂದು ಮತ್ತೆ ಶೇಂಗಾ ಬಿತ್ತುತ್ತಿದ್ದರು. ಹೊಲದ ಮೂಲೆಯಲ್ಲಿ ಸ್ವಲ್ಪ ಕೆಂಪು ಮಣ್ಣಿನ ಮಸಾರಿ ನೆಲವಿತ್ತು. ಅದನ್ನು ಸಮ ಮಾಡಿ, ಇಪ್ಪತ್ತು ಮೀಟರ್ ಅಗಲ, ನಲವತ್ತು ಮೀಟರ್ ಉದ್ದ ಸುಣ್ಣದ ಗೆರೆ ಎಳೆದಿದ್ದರು. ಅವರು ಕಲಿಸುತ್ತಿದ್ದ ವಿದ್ಯೆಗೆ ಡ್ರೆಸಾಜ್ ಎಂದು ಹೆಸರು. ಅದರಲ್ಲಿ ಕುದುರೆ ಓಡಿಸುವ ಪೈಪೋಟಿ ಇಲ್ಲ, ಜಿಗಿಸುವುದಿಲ್ಲ. ನೆಟ್ಟಗೆ ಹೋಗೆಂದರೆ ನೆಟ್ಟಗೆ, ದುಂಡಗೆ ತಿರುಗೆಂದರೆ ದುಂಡಗೆ, ನಿಲ್ಲೆಂದಲ್ಲಿ ನಾಲ್ಕೂ ಕಾಲು ಜೋಡಿಸಿ ನಿಲ್ಲಬೇಕು. ಅದೂ ಲಗಾಮು ಜಗ್ಗದೆ, ಬಾಯಿಂದ ಹೇಳದೆ, ಬರೀ ಬೆನ್ನು, ತೊಡೆ, ಉಸಿರಿನಿಂದ. ಕೇಳಲು ಇಷ್ಟೇ. ಇಷ್ಟಕ್ಕೇ ಮನುಷ್ಯನ ಆಯುಷ್ಯ ಸಾಲದು ಎಂದು ಹವಾಲ್ದಾರರು ಹೇಳುತ್ತಿದ್ದರು.

ಮೊದಲ ದಿನ ಅವರು ನಮ್ಮ ಹೆಸರು ಕೇಳಲಿಲ್ಲ, ತೂಕ ಕೇಳಿದರು. ಶೇಂಗಾ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿದರು. ಅವರಲ್ಲಿದ್ದ ಒಂದೇ ಕುದುರೆ ಕಸ್ತೂರಿ, ಅವಳ ಬೆನ್ನಿಗೆ ಅರವತ್ತೈದು ಕಿಲೋ ಮಿತಿ. ನಾನು ಬಳೆ, ಚಪ್ಪಲಿ, ಕೈಗಡಿಯಾರ ತೆಗೆದಿಟ್ಟು, ಉಸಿರು ಬಿಗಿಹಿಡಿದು ಅರವತ್ತನಾಲ್ಕೂವರೆ ತೂಗಿದೆ. ಉಸಿರು ಹಿಡಿದರೆ ತೂಕ ಇಳಿಯದೆಂದು ಮಕ್ಕಳಿಗೆ ಹೇಳಿಕೊಡುವ ಮಾಸ್ತರಿಣಿಯೇ ಉಸಿರು ಹಿಡಿದಳು. ನನ್ನ ಹಿಂದೆ ನಿಂತಿದ್ದ ಮೂರನೆಯ ವಿದ್ಯಾರ್ಥಿ, ಮೆಣಸಿನಕಾಯಿ ವ್ಯಾಪಾರದ ಚನ್ನಬಸಪ್ಪ ಸಾಹುಕಾರರು, ಎಂಬತ್ತನಾಲ್ಕು. ಅವರು ಐದು ತಿಂಗಳು ಕುದುರೆಯ ಹಗ್ಗ ಹಿಡಿದು ಪಕ್ಕದಲ್ಲೇ ನಡೆದು, ಸಂಜೆಯ ಮಿರ್ಚಿ ಭಜಿ ಬಿಟ್ಟು, ಕೊನೆಗೊಂದು ದಿನ ಜೀನಿನ ಮೇಲೆ ಕೂತಾಗ ಅವರ ಕಣ್ಣಲ್ಲಿ ನೀರಿತ್ತು. ಭಜಿ ನೆನಪಾಗಿ ಬಂದ ನೀರು ಎಂದು ಫಕ್ಕೀರಪ್ಪ ಇವತ್ತಿಗೂ ಸಾಧಿಸುತ್ತಾರೆ.

ಸವಾರಿಯ ಅಂಗಳದ ಸುತ್ತ ಇಂಗ್ಲಿಷ್ ಅಕ್ಷರಗಳ ಗುರುತು ಇರುತ್ತದಂತೆ. ಎ ಆದ ಮೇಲೆ ಬಿ ಬರುವುದಿಲ್ಲ, ಕೆ ಬರುತ್ತದೆ. ಕೆ ಆದ ಮೇಲೆ ಇ. ಯಾಕೆ ಎಂದರೆ, “ಫೌಜಿನ್ಯಾಗ ಯಾಕ ಅಂತ ಕೇಳಾಕ ಬರಂಗಿಲ್ರಿ” ಎಂದರು ಹವಾಲ್ದಾರರು. ನಾವು ಮೂವರೂ ಅಕ್ಷರ ತಪ್ಪಿ ಎಲ್ಲೆಲ್ಲೋ ಹೋಗುತ್ತಿದ್ದೆವು. ಒಂದು ವರ್ಷ ಹಾಗೇ ನಡೆಯಿತು. ಆಮೇಲೆ ಒಂದು ದಿನ ಅವರು ಅಕ್ಷರಗಳನ್ನೆಲ್ಲ ತೆಗೆಸಿ, ನಾಲ್ಕು ಮೂಲೆಗೆ ನಾಲ್ಕು ಎಣ್ಣೆ ಡಬ್ಬಿ ಇಡಿಸಿ, ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಹೆಸರಿಟ್ಟರು. ಜೊತೆಗೆ ಒಂದು ಕಾಯಿದೆ. ಕುದುರೆ ಮೂಲೆಗೆ ಬಂದ ಕೂಡಲೇ ಮೇಲೆ ಕೂತವರು ಆ ಊರಿನ ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಅಂದಿನಿಂದ ನಮ್ಮ ದಾರಿ ತಪ್ಪಲಿಲ್ಲ. ಐವತ್ತು ದಾಟಿದ ಮೂರು ಜನ ಸ್ಕೂಟರ್ ಹೆಲ್ಮೆಟ್ ಹಾಕಿಕೊಂಡು ಒಬ್ಬೊಬ್ಬರಾಗಿ ತಟ್ಟುವಿನ ಮೇಲೆ ಕೂತು “ಶಿರಹಟ್ಟಿ, ಶಿರಹಟ್ಟಿ” ಎಂದು ಕೂಗುತ್ತಿದ್ದರೆ, ರಸ್ತೆಯಲ್ಲಿ ಹೋಗುವ ಬಸ್ಸಿನವರು ನಿಧಾನ ಮಾಡಿ ನೋಡುತ್ತಿದ್ದರು. ಫಕ್ಕೀರಪ್ಪನ ಹಳೆಯ ಜೊತೆಗಾರ ಡ್ರೈವರುಗಳು ಹಾರ್ನ್ ಬೇರೆ ಹೊಡೆಯುತ್ತಿದ್ದರು.

ನಾನು ಭೂಗೋಳದ ಮಾಸ್ತರಿಣಿ. ಸುಮ್ಮನಿರಲಾಗದೆ, ಶಿರಹಟ್ಟಿ ಗದಗಿನ ದಕ್ಷಿಣಕ್ಕೆ, ನೀವು ಉತ್ತರಕ್ಕೆ ಇಟ್ಟಿದ್ದೀರಿ ಎಂದೆ. “ಕುದುರಿ ನಕಾಶಿ ಓದಿಲ್ರಿ ಅಕ್ಕಾರ, ನಡೀರಿ” ಎಂದರು. ಫಕ್ಕೀರಪ್ಪನದು ಬೇರೆ ತಕರಾರು. ಗದಗಿನ ಮೂಲೆಯಿಂದ ಶಿರಹಟ್ಟಿಯ ಮೂಲೆಗೆ ಅಡ್ಡ ಹಾಯುವುದಕ್ಕೆ ಅವರ ಒಪ್ಪಿಗೆ ಇತ್ತು. ಲಕ್ಷ್ಮೇಶ್ವರದಿಂದ ಮುಂಡರಗಿಗೆ ಅಡ್ಡ ಹಾಯುವಾಗ ಮಾತ್ರ ಅವರ ಕುದುರೆ ಪ್ರತಿಸಲ ಶಿರಹಟ್ಟಿಯ ಕಡೆಗೆ ವಾಲುತ್ತಿತ್ತು. “ಶಿರಹಟ್ಟಿ ಬಿಟ್ಟ ಮುಂಡರಗಿಗೆ ಹೋಗಾಕ ನನಗ ಮನಸ ಬರಂಗಿಲ್ರಿ. ನಮ್ಮ ಬಸ್ಸಿನ ಮೂವತ್ತ ವರ್ಷದ ರೂಢಿ” ಎಂದು ನಿಜವಾಗಿಯೂ ಒದ್ದಾಡುತ್ತಿದ್ದರು. ಬಾಯಿಂದ ಒಂದು ಮಾತು ಹೊರಡದಿದ್ದರೂ ಅವರ ಬೆನ್ನಿನ ಮನಸ್ಸು ಕಸ್ತೂರಿಗೆ ತಿಳಿಯುತ್ತಿತ್ತು. ಈ ವಿದ್ಯೆ ಎಂದರೆ ಏನು ಎಂದು ನನಗೆ ತಿಳಿದದ್ದು ಅದನ್ನು ನೋಡಿಯೇ.

ನಮ್ಮ ಕಡೆ ಒಂದು ರೂಢಿ ಇದೆ, ನಿಮಗೂ ಗೊತ್ತಿರಬೇಕು. ಮದುವೆಯ ಊಟ ಆರಿಹೋಗಿರಲಿ, ಭಾಷಣ ಎರಡು ತಾಸು ಕೊರೆದಿರಲಿ, ಕೇಳಿದವರಿಗೆ ನಮ್ಮ ಉತ್ತರ ಒಂದೇ. “ಛಲೋ ಆತ್ರಿ.” ಒಬ್ಬರು ಸವಾರಿ ಮುಗಿಸಿದ ಮೇಲೆ ಹವಾಲ್ದಾರರು ಉಳಿದಿಬ್ಬರನ್ನು ಹೆಂಗಿತ್ತು ಎಂದು ಕೇಳುತ್ತಿದ್ದರು. ನಾವು ಛಲೋ ಆತ್ರಿ ಎನ್ನುತ್ತಿದ್ದೆವು. ಅವರಿಗೆ ಸಿಟ್ಟು ಬರುತ್ತಿತ್ತು. “ಛಲೋ ಅನ್ನೂದು ಉತ್ತರ ಅಲ್ಲ. ಏನ ಕಂಡ್ರಿ, ಅದನ್ನ ಹೇಳ್ರಿ” ಎಂದು ಗದರುತ್ತಿದ್ದರು.

ಮೂರನೆಯ ವರ್ಷದ ಮಳೆಗಾಲ. ಶಾಲೆಯಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು. ಪಿಸುಮಾತೂ ಹೊರಡುತ್ತಿರಲಿಲ್ಲ. ಆದರೂ ಹೋಗಿ ಕುದುರೆ ಹತ್ತಿದೆ. ಗಂಟಲು ತೋರಿಸಿ ಕೈಸನ್ನೆ ಮಾಡಿದೆ. ಹವಾಲ್ದಾರರು ಹೂಂ ಎನ್ನಲಿಲ್ಲ. ನೋಡಿರಬೇಕು ಎಂದುಕೊಂಡೆ. ಮಳೆ ಬಿದ್ದು ನೆಲ ಮೆತ್ತಗಿತ್ತು, ಗೊರಸಿನ ಸದ್ದಿಲ್ಲ. ಎರಡು ಸುತ್ತು ಹಾಕಿ, ಗದಗಿನ ಮೂಲೆಯಲ್ಲಿ ಅವರಿಗೆ ಹತ್ತು ಹೆಜ್ಜೆ ದೂರದಲ್ಲಿ ಬಂದು ನಿಂತೆ. ಅವರು ನನ್ನ ಕಡೆ ನೋಡಲೇ ಇಲ್ಲ. ಎದುರಿನ ಶಿರಹಟ್ಟಿಯ ಮೂಲೆಯ ಕಡೆಗೆ ಮುಖ ಮಾಡಿ, “ಬೆನ್ನ ನೆಟ್ಟಗ ಅಕ್ಕಾರ. ಹಂಗ ಜೋಲ ಬಿಡಬ್ಯಾಡ್ರಿ. ತಲಿ ಮ್ಯಾಲೆ” ಎಂದು ಹೇಳುತ್ತಲೇ ಇದ್ದರು. ಆ ಮೂಲೆಯಲ್ಲಿ ಪಕ್ಕದ ಹೊಲದವರ ಎಮ್ಮೆಯೊಂದು ಬಂದು ಮೇಯುತ್ತಿತ್ತು.

ಬೇರೆ ದಿನವಾಗಿದ್ದರೆ ಫಕ್ಕೀರಪ್ಪ ನನ್ನನ್ನು ಆ ಎಮ್ಮೆಯ ಸಮೇತ ಒಂದು ತಿಂಗಳು ಆಡಿಕೊಳ್ಳುತ್ತಿದ್ದರು. ಅವತ್ತು ಯಾರೂ ನಗಲಿಲ್ಲ. ಸಾಹುಕಾರರು ಮೆಲ್ಲಗೆ ಹೋಗಿ ಹವಾಲ್ದಾರರ ಕೈ ಹಿಡಿದು, “ಅಕ್ಕಾರು ಇಲ್ಲೇ ಅದಾರ್ರೀ” ಎಂದರು. ಹವಾಲ್ದಾರರ ಮುಖ ಬಿಳುಚಿತು. ಆ ಕೈ ಬಿಡದೆ ತಾವೇ ಹೇಳಿದರು. “ಕಣ್ಣಿನ ನರ ಒಣಗ್ಯಾವಂತ. ಎರಡ ವರ್ಷ ಆತು. ಬರೇ ನೆರಳ ಕಾಣತಾವ. ಆಪರೇಶನ್ ಮಾಡಿದ್ರೂ ಬರಂಗಿಲ್ಲಂತ.”

ಊರಿನ ಹೆಸರು ಕೂಗಿಸುತ್ತಿದ್ದದ್ದು ನಮ್ಮ ನೆನಪಿಗಾಗಿ ಅಲ್ಲ ಎಂದು ಆಗ ಗೊತ್ತಾಯಿತು. ನಾವು ಎಲ್ಲಿದ್ದೇವೆ ಎಂದು ಅವರಿಗೆ ತಿಳಿಯಲು ಬೇರೆ ದಾರಿ ಇರಲಿಲ್ಲ. ಅವರ ಹೆಂಡತಿ ನೀಲವ್ವನಿಗೆ ಹೇಳಬೇಕೋ ಬೇಡವೋ ಎಂದು ನಾವು ಪಿಸುಗುಡುತ್ತಿದ್ದರೆ, ಅವರೇ ಚಹಾ ಹಿಡಿದು ಬಂದರು. “ನನಗ್ಯಾಕ ಮುಚ್ಚಿಡತೀರಿ? ತಾಟಿನ್ಯಾಗ ಪಲ್ಯ ಯಾ ಕಡೆ ಐತಿ ಅಂತ ಒಂದ ವರ್ಷದಿಂದ ಹೇಳೇ ಬಡಸಾಕತ್ತೀನಿ” ಎಂದರು.

ಹವಾಲ್ದಾರರು ಒಂದೇ ಒಂದು ಬೇಡಿಕೆ ಇಟ್ಟರು. “ಕಿವಿಯಿಂದ ಅರ್ಧ ತಿಳಿತೈತಿ. ಉಳದ ಅರ್ಧಕ್ಕ ನಿಮ್ಮ ಕಣ್ಣು ಬೇಕು. ಕಂಡದ್ದನ್ನ ಕಂಡಂಗ ಹೇಳ್ರಿ. ಅಷ್ಟಾದರ ಕಸ್ತೂರೀನ್ನ ಇನ್ನೂ ತಿದ್ದಬಹುದು. ಇಲ್ಲಂದ್ರ ನನ್ನ ಕಡೆ ಆಕೀನ್ನ ಇಟಗೊಳ್ಳೂದು ಪಾಪ.” ಹೂಂ ಎಂದು ಮೂವರೂ ಮಾತು ಕೊಟ್ಟೆವು.

ಕೊಟ್ಟ ಮಾತನ್ನು ಮರುದಿನವೇ ಮುರಿದೆವು. ಕೆಟ್ಟ ಬುದ್ಧಿಯಿಂದಲ್ಲ. ಕಣ್ಣು ಹೋಗುತ್ತಿರುವ ಮನುಷ್ಯನ ಮುಂದೆ ಅವರ ಕೆಲಸ ಸೊಟ್ಟಗಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಫಕ್ಕೀರಪ್ಪ ಎಂದಿನಂತೆ ಶಿರಹಟ್ಟಿಯ ಕಡೆ ವಾಲಿಕೊಂಡು ಮುಂಡರಗಿ ಮುಟ್ಟಿದರು. ಸಾಹುಕಾರರು, “ದಾರ ಹಿಡದಂಗ ನೆಟ್ಟಗ ಹೋದ್ರು ನೋಡ್ರಿ” ಎಂದರು. ಸಾಹುಕಾರರು ದುಂಡು ಸುತ್ತು ಹಾಕಿದಾಗ ಅದು ಯಾವ ಆಕಾರಕ್ಕೂ ಹೋಲುತ್ತಿರಲಿಲ್ಲ. ನಾನು, “ಬಳಿ ಇದ್ದಂಗ ದುಂಡಗ ಇತ್ತು” ಎಂದೆ. ಹವಾಲ್ದಾರರ ಮುಖ ಅರಳುತ್ತಿತ್ತು. ಆ ಮುಖ ನೋಡಿ ನಮ್ಮ ಸುಳ್ಳು ಇನ್ನೂ ಚೆಂದವಾಗುತ್ತಿತ್ತು. ಹೀಗೆ ಒಂದು ತಿಂಗಳು.

ಒಂದು ದಿನ ನಾನು ಸ್ವಲ್ಪ ಬೇಗ ಹೋದೆ. ಹವಾಲ್ದಾರರು ಅಂಗಳದಲ್ಲಿ ಮಂಡಿಯೂರಿ ಕೂತು, ಹಸಿ ಮಣ್ಣಿನ ಮೇಲೆ ಅಂಗೈ ಆಡಿಸುತ್ತಿದ್ದರು. ಹಿಂದಿನ ದಿನದ ಗೊರಸಿನ ಗುರುತುಗಳನ್ನು ಒಂದೊಂದಾಗಿ ಮುಟ್ಟಿ ಮುಂದೆ ಸರಿಯುತ್ತಿದ್ದರು. ನನ್ನ ಹೆಜ್ಜೆಯ ಸದ್ದು ಕೇಳಿ ತಲೆ ಎತ್ತಿದರು.

“ಇದು ಬಳಿ ಅಲ್ಲ ಅಕ್ಕಾರ, ಬದನಿಕಾಯಿ. ನಿಮ್ಮ ಶಾಲ್ಯಾಗ ಹುಡುಗೂರಿಗೆ ಹಿಂಗ ಮಾರ್ಕ್ಸ್ ಹಾಕತೀರೇನು?”

ನಕಾಶೆಯಲ್ಲಿ ತುಂಗಭದ್ರೆಯನ್ನು ಒಂದು ಬೆರಳು ಆಚೆ ಎಳೆದ ಮಕ್ಕಳಿಗೆ ಸೊನ್ನೆ ಹಾಕಿದವಳು ನಾನು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅವರಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಅವರು ಕೈಯ ಮಣ್ಣು ಝಾಡಿಸಿಕೊಂಡು, “ಕಣ್ಣ ಹೋಗಿದ್ದಕ್ಕ ಇಷ್ಟ ಕೆಟ್ಟ ಅನಿಸಿದ್ದಿಲ್ಲ” ಎಂದಷ್ಟೇ ಅಂದರು. ಮುಂಡರಗಿಯಲ್ಲಿ ಅವರ ಅಳಿಯನಿದ್ದ, ಸಾಮಾನು ಸಾಗಿಸುವ ಸಣ್ಣ ಗಾಡಿ ಇಟ್ಟುಕೊಂಡವನು. ಸೋಮವಾರ ಬಂದು ಕಸ್ತೂರಿಯನ್ನು ಒಯ್ಯಲು ಅವನಿಗೆ ಹೇಳಿಯಾಗಿತ್ತು.

ರವಿವಾರ ಸಂಜೆ ಮೂವರೂ ಹೋದೆವು. ಕಸ್ತೂರಿಯ ಮೈ ಉಜ್ಜಿದೆವು, ಗೊರಸು ಸ್ವಚ್ಛ ಮಾಡಿದೆವು. ಮಾಡುವ ಕೆಲಸವೆಲ್ಲ ಮುಗಿದ ಮೇಲೆ ಫಕ್ಕೀರಪ್ಪ ಕೆಮ್ಮಿದರು. “ಹವಾಲ್ದಾರ್ರ, ಮೂರ ವರ್ಷ ನಾವ ಹತ್ತೀವಿ. ನೀವು ಒಮ್ಮೆನೂ ಹತ್ತಿಲ್ಲ. ಇವತ್ತ ನೀವು ಕುಂಡ್ರಿ. ನಾವು ಮೂಲ್ಯಾಗ ನಿಂತ ಒದರತೀವಿ.”

ಮೂವರು ಮೂರು ಮೂಲೆಗೆ ಹೋದೆವು. ಶಿರಹಟ್ಟಿ ಫಕ್ಕೀರಪ್ಪನಿಗೆ, ಮುಂಡರಗಿ ಸಾಹುಕಾರರಿಗೆ, ಲಕ್ಷ್ಮೇಶ್ವರ ನನಗೆ. ಮೂರು ವರ್ಷದಲ್ಲಿ ಅಂಗಳದ ಗೆರೆ ದಾಟದ ನೀಲವ್ವ, ಕಟ್ಟೆಯಿಂದ ಎದ್ದು ಸೆರಗು ಸಿಗಿಸಿಕೊಂಡು, ಯಾರೂ ಕರೆಯದೆ ಹೋಗಿ ಗದಗಿನ ಡಬ್ಬಿಯ ಪಕ್ಕ ನಿಂತರು.

ಹವಾಲ್ದಾರರು ಜೀನಿನ ಮೇಲೆ ಕೂತ ಗಳಿಗೆಯಲ್ಲೇ ಕಸ್ತೂರಿ ಬೇರೆಯಾದಳು. ನಮ್ಮನ್ನು ಹೊತ್ತು ತಿರುಗುತ್ತಿದ್ದ ಟಾಂಗಾ ತಟ್ಟು ಕತ್ತು ಬಾಗಿಸಿ, ಬೆನ್ನು ಉಬ್ಬಿಸಿ ಹೆಜ್ಜೆ ಎತ್ತಿ ಎತ್ತಿ ಇಟ್ಟಳು. ಅವರ ಕೈ ಅಲುಗಲಿಲ್ಲ, ಕಾಲು ಅಲುಗಲಿಲ್ಲ. ಅವಳ ಒಂದು ಕಿವಿ ಮಾತ್ರ ಹಿಂದಕ್ಕೆ ತಿರುಗಿತ್ತು. ನಾವು ಕೂಗಿದೆವು. ನೀಲವ್ವ ಗದಗ ಎಂದರು, ನಾನು ಲಕ್ಷ್ಮೇಶ್ವರ ಎಂದೆ, ಆಮೇಲೆ ಶಿರಹಟ್ಟಿ, ಆಮೇಲೆ ಮುಂಡರಗಿ. ಕೂಗಿದ ಕಡೆಗೆ ಅವರು ಬಂದರು. ನನ್ನ ಮುಂದೆ ಹಾದುಹೋದಾಗ ಅವರ ಮುಖ ನೋಡಿದೆ. ಮೂರು ವರ್ಷ ನಾನು ನೋಡಿದ್ದು ಒಬ್ಬ ಮಾಸ್ತರನನ್ನು, ಸವಾರನನ್ನಲ್ಲ. ನನಗೆ ಅಳು ಬಂತು. ಅಳುತ್ತಲೇ ಕೂಗಿದೆ.

ಕೊನೆಗೆ ಅವರು ಗದಗಿನಿಂದ ಶಿರಹಟ್ಟಿಗೆ ಅಡ್ಡ ಹಾಯ್ದರು. ನಡುವಿನವರೆಗೆ ನೆಟ್ಟಗೆ ಬಂದರು. ನಡು ದಾಟಿದ ಮೇಲೆ ಬಲಕ್ಕೆ ಸರಿದರು. ಶಿರಹಟ್ಟಿಯ ಡಬ್ಬಿಗೆ ಎರಡು ಹೆಜ್ಜೆ ಆಚೆ ನಿಂತು, ಲಗಾಮನ್ನು ಒಂದು ಕೈಗೆ ತೆಗೆದುಕೊಂಡು, ಎದುರಿಗೆ ಯಾರೂ ಇಲ್ಲದ ಕಡೆಗೆ ಸಲಾಮು ಮಾಡಿದರು. ಆಮೇಲೆ ಕೇಳಿದರು.

“ಹೆಂಗಿತ್ತು?”

ಫಕ್ಕೀರಪ್ಪ ನೆಲ ನೋಡಿದರು. ಸಾಹುಕಾರರು ನನ್ನನ್ನು ನೋಡಿದರು. ಛಲೋ ಆತ್ರಿ ಎಂಬುದು ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಇಂಥ ಸಂಜೆ, ಇಂಥ ಸವಾರಿ, ನಾಳೆ ಬರುವ ಗಾಡಿ. ಛಲೋ ಎನ್ನದವರು ಮನುಷ್ಯರೇ ಅಲ್ಲ ಅನ್ನಿಸುತ್ತಿತ್ತು.

“ಸೊಟ್ಟ ಇತ್ರಿ ಹವಾಲ್ದಾರ್ರ” ಎಂದೆ.

“ಎಲ್ಲಿಂದ?”

“ನಡುವ ದಾಟಿದ ಮ್ಯಾಲೆ.”

“ಯಾ ಕಡೆ?”

“ಬಲಕ್ಕ. ಎರಡ ಹೆಜ್ಜಿ.”

ಅವರು ಕುದುರೆಯ ಕತ್ತು ಸವರಿದರು. ಈಗ ಇಳಿಯುತ್ತಾರೆ, ಮಂಡಿಯೂರಿ ಮಣ್ಣು ಮುಟ್ಟಿ ನೋಡುತ್ತಾರೆ ಎಂದು ನಾನು ಕಾಯುತ್ತ ನಿಂತೆ. ಅವರು ಇಳಿಯಲಿಲ್ಲ.

“ಆಕೀದಲ್ಲ ತಪ್ಪು. ಎಡಗಾಲ ಒತ್ತೀನಿ ನಾ” ಎಂದರು. ಕಸ್ತೂರಿಯ ಮುಖವನ್ನು ಮೆಲ್ಲಗೆ ಗದಗಿನ ಕಡೆಗೆ ತಿರುಗಿಸಿದರು. “ನಿಮ್ಮ ನಿಮ್ಮ ಜಾಗಾಕ್ಕ ನಿಂದರ್ರಿ. ಇನ್ನೊಮ್ಮೆ ಹೋಗೂಣು.”

ಮರುದಿನ ಅಳಿಯ ಮುಂಡರಗಿಯಿಂದ ಗಾಡಿ ತೆಗೆದುಕೊಂಡು ಬಂದ. ನೀಲವ್ವ ಅವನಿಗೆ ರೊಟ್ಟಿ, ಎಣ್ಣೆಗಾಯಿ, ಮೊಸರು ಬಡಿಸಿ, ಹೊಟ್ಟೆ ತುಂಬಿಸಿ, ಖಾಲಿ ಗಾಡಿಯಲ್ಲೇ ವಾಪಸು ಕಳಿಸಿದರು.